ಜನಜಂಗುಳಿ ಬೇಡವೆಂದರೆ ಬಯಲುಸೀಮೆ: ರಾಣೆಬೆನ್ನೂರು, ಮಾಗಡಿ ಕೆರೆ, ಕಪ್ಪತಗುಡ್ಡ ನೋಡುವ ಬಗೆ

ಬಯಲುಸೀಮೆಗೆ ಹೋಗಿ “ಅಲ್ಲೇನೂ ಇಲ್ಲ” ಎಂದು ಮರಳಿದವರನ್ನು ವಿಚಾರಿಸಿ ನೋಡಿ. ಹೋಗಿದ್ದು ಏಪ್ರಿಲ್‌ನಲ್ಲಿ, ತಲುಪಿದ್ದು ಬೆಳಗಿನ ಹನ್ನೊಂದಕ್ಕೆ. ಆ ಹೊತ್ತಿನಲ್ಲಿ ಅಲ್ಲಿ ನಿಜಕ್ಕೂ ಏನೂ ಕಾಣುವುದಿಲ್ಲ. ಚಿಗರಿಗಳು, ಅಂದರೆ ಕೃಷ್ಣಮೃಗಗಳು, ಜಾಲಿಯ ನೆರಳು ಸೇರಿರುತ್ತವೆ, ಹಕ್ಕಿಗಳು ಸದ್ದಡಗಿರುತ್ತವೆ, ಝಳಕ್ಕೆ ದುರ್ಬೀನಿನಲ್ಲಿ ದೂರದ್ದೆಲ್ಲ ನೀರಿನಂತೆ ಅಲುಗುತ್ತದೆ. ಮಲೆನಾಡಿಗೆ ಯಾವ ಹೊತ್ತಿಗೆ ಹೋದರೂ ಹಸಿರು ಇದ್ದೇ ಇರುತ್ತದೆ. ಬಯಲಿಗೆ ಹೊತ್ತುಂಟು, ತಿಂಗಳುಂಟು. ಈ ಎರಡನ್ನು ಹಿಡಿದವರಿಗೆ ಅದು ಕೊಡುವಷ್ಟನ್ನು ಶನಿವಾರದ ಮುಳ್ಳಯ್ಯನಗಿರಿಯಾಗಲಿ ಕೊಡಗಾಗಲಿ ಕೊಡಲಾರದು.

ಇದು ಹಾವೇರಿ ಮತ್ತು ಗದಗ ಜಿಲ್ಲೆಗಳ ಎರಡು ದಿನದ ಸುತ್ತು. ಮೊದಲ ದಿನ ಮುಂಜಾನೆ ರಾಣೆಬೆನ್ನೂರಿನಲ್ಲಿ ಕೃಷ್ಣಮೃಗ, ಸಂಜೆ ಮಾಗಡಿ ಕೆರೆಯಲ್ಲಿ ಹೆಬ್ಬಾತು, ಎರಡನೆಯ ದಿನ ಬೆಳಗ್ಗೆ ಕಪ್ಪತಗುಡ್ಡ. ಬೆಂಗಳೂರಿನಿಂದ ರಾಣೆಬೆನ್ನೂರಿಗೆ ಸುಮಾರು 300 ಕಿ.ಮೀ., ಹುಬ್ಬಳ್ಳಿ ಕಡೆಯ ಹೆದ್ದಾರಿಯಲ್ಲೇ ಇದೆ, ರೈಲೂ ಉಂಟು. ಶುಕ್ರವಾರ ರಾತ್ರಿಯೇ ಬಂದು ಅಲ್ಲಿ ಮಲಗುವುದು ಒಳ್ಳೆಯದು. ಬೆಳಗಿನ ಜಾವ ಮೂರಕ್ಕೆ ಬೆಂಗಳೂರು ಬಿಟ್ಟು ಬಂದರೆ ಆಗುತ್ತದೆ ಎನ್ನುವ ಲೆಕ್ಕ ಹೆಚ್ಚಾಗಿ ಕೆಡುತ್ತದೆ. ದಾರಿಯಲ್ಲಿ ಒಂದು ಚಹಾ, ಒಂದು ಪಂಕ್ಚರ್, ಅಷ್ಟರಲ್ಲಿ ಎಂಟು ಗಂಟೆ.

ಯಾವಾಗ ಹೋಗಬೇಕು

ಡಿಸೆಂಬರ್ ನಡುವಿನಿಂದ ಫೆಬ್ರವರಿ ಮೊದಲ ವಾರದವರೆಗೆ. ಹೆಬ್ಬಾತುಗಳು ಆಗಲೇ ಕೆರೆಯಲ್ಲಿರುತ್ತವೆ, ಹುಲ್ಲು ಒಣಗಿ ಬಾಗಿರುವುದರಿಂದ ಚಿಗರಿಯ ಕಾಲಿನವರೆಗೆ ಕಾಣುತ್ತದೆ, ಎರೆ, ಅಂದರೆ ಕಪ್ಪು ಮಣ್ಣು, ಗಟ್ಟಿಯಾಗಿರುತ್ತದೆ. ಕಪ್ಪತಗುಡ್ಡದ ಹಸಿರೇ ಬೇಕೆಂದರೆ ಆಗಸ್ಟ್ ಕೊನೆಯಿಂದ ಅಕ್ಟೋಬರ್‌ವರೆಗೆ ಹೋಗಬೇಕು. ಆಗ ಹೆಬ್ಬಾತು ಇರುವುದಿಲ್ಲ, ಎರೆ ಹೊಲದ ದಾರಿಗಳಲ್ಲಿ ಗಾಡಿ ನಡೆಯುವುದಿಲ್ಲ. ಎರಡನ್ನೂ ಒಂದೇ ಸುತ್ತಿನಲ್ಲಿ ನೋಡುತ್ತೇನೆ ಎಂದು ನವೆಂಬರ್ ಆರಂಭದಲ್ಲಿ ಹೊರಡುವವರಿಗೆ ಎರಡೂ ಅರ್ಧರ್ಧ ಸಿಗುತ್ತದೆ. ಮಾರ್ಚ್ ಆದಮೇಲೆ ಬಿಸಿಲು ಮತ್ತು ಬೆಂಕಿಯ ಕಾಲ. ಹೋಗದಿರುವುದೇ ಸರಿ.

ಹೊರಡುವ ವಾರದ ಮೊದಲು ಗದಗದ ಅರಣ್ಯ ಕಚೇರಿಗೆ ಫೋನ್ ಮಾಡಿ ಎರಡೇ ಪ್ರಶ್ನೆ ಕೇಳಿ: ಮಾಗಡಿ ಕೆರೆಯಲ್ಲಿ ನೀರು ಎಷ್ಟಿದೆ, ಹೆಬ್ಬಾತು ಬಂದಿವೆಯೇ. ಅದು ಮಳೆ ನೀರಿನ ಕೆರೆ. ಬರಗಾಲದ ವರ್ಷ ನೀರಿಲ್ಲದಿದ್ದರೆ ಹಕ್ಕಿ ಬೇರೆ ಕೆರೆಗೆ ಹೋಗುತ್ತದೆ. ಈ ಒಂದು ಫೋನ್ ಮಾಡದೆ ಬಂದು ಒಣ ಕೆರೆ ನೋಡಿ ಹೋದವರು ಕಡಿಮೆಯಿಲ್ಲ.

ಹೆಸರಿನ ವಿಷಯದಲ್ಲೂ ಎಚ್ಚರ ಬೇಕು. ಮ್ಯಾಪ್‌ನಲ್ಲಿ ಬರೀ “ಮಾಗಡಿ” ಎಂದು ಹಾಕಿದರೆ ಅದು ಬೆಂಗಳೂರಿನ ಪಕ್ಕದ ಮಾಗಡಿಗೆ ದಾರಿ ತೋರಿಸುತ್ತದೆ. “ಮಾಗಡಿ ಕೆರೆ, ಶಿರಹಟ್ಟಿ” ಎಂದೇ ಹುಡುಕಿ. ಬಂಕಾಪುರವೂ ಹಾಗೆಯೇ: ನವಿಲುಧಾಮವಿರುವ ಬಂಕಾಪುರ ಹಾವೇರಿ ಜಿಲ್ಲೆಯದು, ತೋಳಗಳ ಬಂಕಾಪುರ ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲೂಕಿನದು.

ರಾಣೆಬೆನ್ನೂರು: ಚಿಗರಿಯ ಬೆಳಗು

ರಾಣೆಬೆನ್ನೂರು ಕೃಷ್ಣಮೃಗ ಅಭಯಾರಣ್ಯವನ್ನು 1974ರಲ್ಲಿ ಘೋಷಿಸಿದರು, ವಿಸ್ತಾರ 119 ಚ.ಕಿ.ಮೀ. ಒಂದು ಕಾಲಕ್ಕೆ ಎರೆಭೂತ, ಅಂದರೆ ಗ್ರೇಟ್ ಇಂಡಿಯನ್ ಬಸ್ಟರ್ಡ್, ಇಲ್ಲಿತ್ತು. ಬಯಲಿನ ಬಹುಭಾಗಕ್ಕೆ ನೀಲಗಿರಿ ನೆಟ್ಟಿದ್ದರಿಂದ ಆ ಹಕ್ಕಿಗೆ ಬೇಕಾದ ತೆರೆದ ನೆಲ ಕಿರಿದಾಯಿತು. ಬಯಲನ್ನು ಬಂಜರು ಎಂದು ತಿಳಿದು ಮರ ನೆಡುವುದು ಎಂಥ ತಪ್ಪು ಎಂಬುದು ಇಲ್ಲಿ ನಿಂತರೆ ಅರ್ಥವಾಗುತ್ತದೆ. ಚಿಗರಿಯನ್ನೂ ನೀಲಗಿರಿ ತೋಪಿನ ನಡುವೆ ಹುಡುಕಬೇಡಿ. ತೋಪು ಮುಗಿದು ಹುಲ್ಲು ಶುರುವಾಗುವ ಅಂಚಿನಲ್ಲಿ, ಹೊಲಕ್ಕೆ ತಾಗಿದ ಕಡೆಗಳಲ್ಲಿ ನೋಡಿ.

ಅಭಯಾರಣ್ಯದ ಒಳಗೆ ಹೋಗಲು ಅನುಮತಿ ಬೇಕು. ರಾಣೆಬೆನ್ನೂರಿನ ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಹಿಂದಿನ ದಿನವೇ ಕೇಳಿ, ಸಾಧ್ಯವಾದರೆ ಒಬ್ಬ ಗಾರ್ಡ್ ಜೊತೆಗೆ ಬರಲು ವಿನಂತಿಸಿ. ಹಿಂಡು ಯಾವ ದಿಕ್ಕಿಗಿದೆ ಎಂಬುದು ದಿನಾ ತಿರುಗುವವರಿಗೆ ಗೊತ್ತು. ಅವರಿಲ್ಲದಿದ್ದರೆ ಕುರಿಗಾಹಿಗಳನ್ನು ಕೇಳಿ. “ಯಜ್ಜಾ, ಚಿಗರಿ ಯಾವ ಕಡೆ ಮೇಯಾಕತ್ತಾವ್ರಿ?” ಎಂದರೆ ಕೈ ಮಾಡಿ ತೋರಿಸುತ್ತಾರೆ. ಬರೀ “ಕೃಷ್ಣಮೃಗ” ಎಂದರೆ ಕೆಲವರು ತಡೆದು ಯೋಚಿಸುತ್ತಾರೆ, ಇಲ್ಲಿ ಅದರ ಹೆಸರು ಚಿಗರಿ. ಕುರಿಹಿಂಡಿನ ಕಡೆ ಹೋಗುವಾಗ ಮೊದಲು ದೂರದಲ್ಲೇ ನಿಂತು ಕೂಗಿ. ಹಿಂಡಿನ ನಾಯಿಗಳು ತೋಳದಿಂದ ಕುರಿ ಕಾಯುವ ನಾಯಿಗಳು, ಅಪರಿಚಿತರನ್ನು ಸುಮ್ಮನೆ ಬಿಡುವುದಿಲ್ಲ.

ಡಿಸೆಂಬರ್–ಜನವರಿಯಲ್ಲಿ ಸೂರ್ಯ ಏಳುವುದು 6.45ರಿಂದ 7ರ ನಡುವೆ. ನೀವು 6.15ಕ್ಕೆ ಜಾಗದಲ್ಲಿರಬೇಕು. ಪೂರ್ವಕ್ಕೆ ಬೆನ್ನು ಮಾಡಿ, ಪಶ್ಚಿಮದ ಬಯಲನ್ನು ನೋಡುವಂತೆ ಕೂರಿ. ಬೆಳಕು ಪ್ರಾಣಿಯ ಮೇಲೆ ಬೀಳುತ್ತದೆ, ನಿಮ್ಮ ಕಣ್ಣಿಗಲ್ಲ. ಒಂಬತ್ತು ಗಂಟೆಯ ಹೊತ್ತಿಗೆ ಮುಖ್ಯವಾದದ್ದೆಲ್ಲ ಮುಗಿದಿರುತ್ತದೆ.

ಕಾರಿನಲ್ಲಿದ್ದರೆ ಕಾರಿನಲ್ಲೇ ಇರಿ. ಚಿಗರಿ ನಿಂತ ಗಾಡಿಯನ್ನು ಸಹಿಸುತ್ತದೆ, ಇಳಿದ ಮನುಷ್ಯನನ್ನು ಸಹಿಸುವುದಿಲ್ಲ. ಎಂಜಿನ್ ಆರಿಸಿ, ಗಾಜು ಇಳಿಸಿ, ಹತ್ತು ನಿಮಿಷ ಸುಮ್ಮನಿರಿ. ನಡೆದೇ ಹೋಗುವುದಾದರೆ ಹಿಂಡಿನ ಕಡೆಗೆ ನೇರ ನಡೆಯಬೇಡಿ. ಪಕ್ಕದಲ್ಲಿ ಹಾದುಹೋಗುವವರಂತೆ ಓರೆಯಾಗಿ ಇಪ್ಪತ್ತು ಹೆಜ್ಜೆ, ಮತ್ತೆ ನಿಲುಗಡೆ. ಮೇಯುತ್ತಿದ್ದ ತಲೆಗಳು ಒಮ್ಮೆಲೇ ಮೇಲೆದ್ದು ನಿಮ್ಮ ಕಡೆ ತಿರುಗಿದರೆ ಅದೇ ಗಡಿ, ಅಲ್ಲೇ ಕೂತುಬಿಡಿ. ಒಂದು ಚಿಗರಿ ನಾಲ್ಕೂ ಕಾಲೆತ್ತಿ ಮೇಲಕ್ಕೆ ನೆಗೆಯಿತೆಂದರೆ ತಡವಾಯಿತು, ಇಡೀ ಹಿಂಡು ಅದರ ಹಿಂದೆ ಹಾರುತ್ತದೆ. ಹಿಂಬಾಲಿಸಿದರೆ ಅವು ಹೊಲಕ್ಕೆ ನುಗ್ಗುತ್ತವೆ, ನಷ್ಟ ರೈತನದು. ಚಿಗರಿ ಬೆಳೆ ತಿನ್ನುವ ಸಂಕಟ ಈ ಭಾಗದಲ್ಲಿ ಮೊದಲೇ ಇದೆ, ಪ್ರವಾಸಿಗರು ಅದಕ್ಕೆ ಸೇರಬಾರದು.

ಏನು ನೋಡಬೇಕು? ಕಪ್ಪು ಮೈ, ಬಿಳಿ ಹೊಟ್ಟೆ, ತಿರುಚಿದ ಕೊಂಬು ಬೆಳೆದ ಗಂಡಿನದು. ಕಂದು ಮೈಗೆ ಕೊಂಬಿದ್ದರೆ ಅದು ಇನ್ನೂ ಹರೆಯದ ಗಂಡು, ಕೊಂಬಿಲ್ಲದ್ದು ಹೆಣ್ಣು. ಹಿಂಡಿನಿಂದ ದೂರ ಒಂಟಿಯಾಗಿ ಒಂದೇ ಕಡೆ ನಿಂತ ಕಪ್ಪು ಗಂಡನ್ನು ಕಂಡರೆ ಅದನ್ನೇ ನೋಡುತ್ತಿರಿ. ಅದು ತನ್ನ ಜಾಗ ಕಾಯುತ್ತಿದೆ. ಹಿಕ್ಕೆಯನ್ನು ಒಂದೇ ಗುಡ್ಡೆಯಲ್ಲಿ ಹಾಕಿ ಗಡಿ ಗುರುತಿಸುತ್ತದೆ, ಹೆಣ್ಣುಗಳು ಹತ್ತಿರ ಬಂದರೆ ಮೂತಿ ಮೇಲಕ್ಕೆತ್ತಿ ಕೊಂಬನ್ನು ಬೆನ್ನಿಗೆ ತಾಗಿಸಿಕೊಂಡು ನಡೆಯುತ್ತದೆ. ತಲೆ ಮೇಲೆ ತಗ್ಗಿನಲ್ಲಿ ತೇಲಿಹೋಗುವ ಉದ್ದ ರೆಕ್ಕೆಯ ಹಕ್ಕಿ ಸೆಳೆವ, ಚಳಿಗಾಲದ ಅತಿಥಿ.

ದುರ್ಬೀನು 8x42 ಸಾಕು. ಹೆಚ್ಚು ಶಕ್ತಿಯದು ಒಳ್ಳೆಯದೆಂದು 12x ಕೊಂಡರೆ ಕೈ ನಡುಕಕ್ಕೆ ಚಿತ್ರವೇ ನಿಲ್ಲುವುದಿಲ್ಲ. ಬಟ್ಟೆ ಮಣ್ಣಿನ ಬಣ್ಣದ್ದಿರಲಿ. ಬಿಳಿ ಅಂಗಿ ಬಯಲಿನಲ್ಲಿ ಒಂದು ಕಿಲೋಮೀಟರ್ ದೂರಕ್ಕೂ ಹೊಳೆಯುತ್ತದೆ.

ಮಾಗಡಿಗೆ ಹೋಗುವ ದಾರಿ

ಒಂಬತ್ತೂವರೆಗೆ ಹೊರಟು ಹಾವೇರಿ, ಸವಣೂರು, ಲಕ್ಷ್ಮೇಶ್ವರ ಹಿಡಿಯಿರಿ. ಎರಡರಿಂದ ಎರಡೂವರೆ ಗಂಟೆ ದಾರಿ. ಸವಣೂರಿನ ಕಲ್ಮಠದ ಆವರಣದ ದೊಡ್ಡಹುಣಸೆ ಮರಗಳ ಮುಂದೆ ಅರ್ಧ ಗಂಟೆ ನಿಲ್ಲಲೇಬೇಕು. ಆಫ್ರಿಕಾ ಮೂಲದ ಬಾವೊಬಾಬ್ ಅದು, ಹಲವರು ಕೈ ಹಿಡಿದು ನಿಂತರೂ ಬುಡ ತಬ್ಬಿಕೊಳ್ಳುವುದು ಕಷ್ಟ. ಸವಣೂರಿನ ಖಾರಾ ಕಟ್ಟಿಸಿಕೊಳ್ಳಿ. ಊಟ ಲಕ್ಷ್ಮೇಶ್ವರದ ಯಾವುದಾದರೂ ಖಾನಾವಳಿಯಲ್ಲಿ: ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಮರುದಿನದ ಗುಡ್ಡಕ್ಕಾಗಿ ಅಲ್ಲಿಂದಲೇ ತಲಾ ನಾಲ್ಕು ಕಡಕ್ ರೊಟ್ಟಿ, ಒಂದು ಹಿಡಿ ಚಟ್ನಿಪುಡಿ ಕಟ್ಟಿಸಿ. ಮೆತ್ತನೆಯ ರೊಟ್ಟಿ ಮರುದಿನಕ್ಕೆ ಬೂಸರು ಹಿಡಿಯಬಹುದು, ಕಡಕ್ ರೊಟ್ಟಿ ಹಿಡಿಯುವುದಿಲ್ಲ. ಹೊತ್ತು ಉಳಿದರೆ ಸೋಮೇಶ್ವರ ಗುಡಿ ನೋಡಿ, ಲಕ್ಷ್ಮೇಶ್ವರವೇ ಹಳೆಯ ಪುಲಿಗೆರೆ.

ಮಾಗಡಿ ಕೆರೆ: ಹೆಬ್ಬಾತಿನ ಸಂಜೆ

ಕೆರೆ ಇರುವುದು ಶಿರಹಟ್ಟಿ ತಾಲೂಕಿನಲ್ಲಿ. ಶಿರಹಟ್ಟಿಯಿಂದ ಸುಮಾರು 8 ಕಿ.ಮೀ., ಗದಗದಿಂದ ಸುಮಾರು 26 ಕಿ.ಮೀ. 2024ರಲ್ಲಿ ಅದಕ್ಕೆ ರಾಮ್ಸಾರ್ ತಾಣದ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ನೆಲವೆಂಬ, ಮಾನ್ಯತೆ ಸಿಕ್ಕಿತು. ಚಳಿಗಾಲದಲ್ಲಿ ಇಲ್ಲಿಗೆ ಬರುವ ಪಟ್ಟೆತಲೆ ಹೆಬ್ಬಾತುಗಳು ಮರಿ ಮಾಡುವುದು ಹಿಮಾಲಯದ ಆಚೆಯ ಟಿಬೆಟ್, ಮಂಗೋಲಿಯಾ ಕಡೆಯ ಎತ್ತರದ ಸರೋವರಗಳ ದಂಡೆಯಲ್ಲಿ. ಹಿಮಾಲಯ ದಾಟುವಾಗ ಇವು 7,000 ಮೀಟರ್‌ಗೂ ಮೇಲೆ ಹಾರಿದ್ದು ದಾಖಲಾಗಿದೆ. ಬೂದು ಮೈ, ಬಿಳಿ ತಲೆಯ ಹಿಂಭಾಗದಲ್ಲಿ ಎರಡು ಕಪ್ಪು ಪಟ್ಟೆ. ಗುರುತು ತಪ್ಪುವುದಿಲ್ಲ.

ಇವುಗಳ ದಿನಚರಿ ತಿಳಿದರೆ ನಿಮ್ಮ ದಿನಚರಿ ತಾನಾಗಿ ಗೊತ್ತಾಗುತ್ತದೆ. ಹೆಬ್ಬಾತು ಕೆರೆಯಲ್ಲಿ ಮೇಯುವುದು ಕಡಿಮೆ. ಕತ್ತಲಾಗುವಾಗ, ಬೆಳಗಿನ ಜಾವ ಸುತ್ತಲಿನ ಹೊಲಗಳಿಗೆ ಹಾರಿ ಕಡಲೆ, ಶೇಂಗಾ ಮೇಯುತ್ತದೆ. ಹಗಲೆಲ್ಲ ನೀರಿನಲ್ಲಿ, ದಂಡೆಯಲ್ಲಿ ವಿಶ್ರಾಂತಿ. ಆದ್ದರಿಂದ ಬೆಳಗಿನ ಆರಕ್ಕೆ ಹೋದರೆ ಕೆರೆ ಬರಿದಾಗಿ ಕಾಣಬಹುದು. “ಪಕ್ಷಿ ನೋಡಲು ಬೆಳಗ್ಗೆಯೇ ಹೋಗಬೇಕು” ಎಂಬ ಮಾತು ಇಲ್ಲಿಗೆ ಸಲ್ಲದು. ಮಧ್ಯಾಹ್ನ ಮೂರೂವರೆಗೆ ತಲುಪಿ. ಪಶ್ಚಿಮದ ದಂಡೆಯಿಂದ ನೋಡಿದರೆ ಸೂರ್ಯ ಬೆನ್ನಿಗಿರುತ್ತಾನೆ. ಐದೂವರೆಯ ಹೊತ್ತಿಗೆ ಒಂದು ಸಣ್ಣ ಗುಂಪು ಕೂಗಿ ಏಳುತ್ತದೆ, ಮತ್ತೊಂದು, ಆಮೇಲೆ ಸಾಲು ಸಾಲಾಗಿ ಬಾಣದ ಮೊನೆಯ ಆಕಾರದಲ್ಲಿ ತಲೆಯ ಮೇಲೇ ಹಾದುಹೋಗುತ್ತವೆ. ಸೂರ್ಯ ಮುಳುಗುವುದು 6.05ರಿಂದ 6.20ರ ಸುಮಾರಿಗೆ, ಅದಾದ ಕಾಲು ಗಂಟೆಯಾದರೂ ಜಾಗ ಬಿಡಬೇಡಿ. ಈ ಸುತ್ತಿನಲ್ಲಿ ಒಂದೇ ಒಂದನ್ನು ನೋಡಲು ಬಿಡುವಿದ್ದರೆ ಈ ಒಂದು ಗಂಟೆಯನ್ನೇ ಆರಿಸಿಕೊಳ್ಳಿ.

ಕೆರೆಯ ಏರಿಯ ಮೇಲೆ ಎದ್ದು ಕಾಣುವಂತೆ ನಿಂತು ನಡೆಯಬೇಡಿ. ಆಕಾಶದ ಎದುರು ನಿಮ್ಮ ಆಕಾರ ಹಕ್ಕಿಗೆ ದೂರದಿಂದಲೇ ಕಾಣುತ್ತದೆ. ಏರಿಯ ಹಿಂದಿನ ಇಳಿಜಾರಿನಲ್ಲಿ ನಡೆದು, ಬೇಕಾದ ಜಾಗದಲ್ಲಿ ಮೆಲ್ಲನೆ ಮೇಲೆ ಬಂದು ಕೂರಿ. ಕತ್ತು ನೆಟ್ಟಗೆ ಮಾಡಿದ ಹೆಬ್ಬಾತುಗಳು ಹೆಚ್ಚಾದರೆ ಹಿಂದೆ ಸರಿಯಿರಿ. ಫೋಟೊಕ್ಕೆಂದು ಕಲ್ಲೆಸೆದು, ಚಪ್ಪಾಳೆ ತಟ್ಟಿ ಹಾರಿಸುವುದು ಕ್ರೌರ್ಯ. ಸಾವಿರಾರು ಕಿಲೋಮೀಟರ್ ಮರಳಿ ಹೋಗಲು ಕೂಡಿಡುತ್ತಿರುವ ಕೊಬ್ಬನ್ನು ಪ್ರತಿ ಸಲದ ಹಾರಾಟ ಕರಗಿಸುತ್ತದೆ. ಡ್ರೋನ್ ತರಲೇಬೇಡಿ. ಹೊಲದಲ್ಲಿ ಮೇಯುವುದನ್ನು ನೋಡಲು ಕಡಲೆ ಹೊಲಕ್ಕೆ ಕಾಲಿಡುವುದೂ ಬೇಡ.

ರಾತ್ರಿ ಗದಗದಲ್ಲಿ ಉಳಿಯಿರಿ. ಲಾಡ್ಜ್ ಸಾಕಷ್ಟಿವೆ, ಬಸ್‌ಸ್ಟ್ಯಾಂಡ್‌ಗೆ ಮುಖ ಮಾಡಿದ ಕೋಣೆ ಮಾತ್ರ ಬೇಡ.

ಕಪ್ಪತಗುಡ್ಡ

ಗದಗ, ಮುಂಡರಗಿ, ಶಿರಹಟ್ಟಿ ತಾಲೂಕುಗಳಲ್ಲಿ ಹಬ್ಬಿದ ಈ ಬೆಟ್ಟಸಾಲನ್ನು 2019ರಲ್ಲಿ ವನ್ಯಜೀವಿಧಾಮವೆಂದು ಘೋಷಿಸಿದರು, 244 ಚ.ಕಿ.ಮೀ. ಮೊದಲು 2015ರಲ್ಲಿ ಸಂರಕ್ಷಿತ ಮೀಸಲು ಮಾಡಿ, 2016ರಲ್ಲಿ ಅದನ್ನು ಹಿಂಪಡೆದು, ಜನ ಹೋರಾಡಿದ ಮೇಲೆ 2017ರಲ್ಲಿ ಮರಳಿ ಕೊಟ್ಟಿದ್ದು. ಗುಡ್ಡದ ಒಡಲಲ್ಲಿ ಕಬ್ಬಿಣದ ಅದಿರು, ಚಿನ್ನ ಇರುವುದೇ ಆ ಜಗ್ಗಾಟಕ್ಕೆ ಕಾರಣ. ಮೈಮೇಲೆ ಇರುವುದು ಔಷಧಿ ಸಸ್ಯಗಳು, ಕರಡ ಹುಲ್ಲು, ಕುರುಚಲು. ಕತ್ತೆಕಿರುಬ, ತೋಳ, ಚಿರತೆ ಇವೆ, ಹಗಲಲ್ಲಿ ಕಾಣುವ ಆಸೆ ಬೇಡ.

ಗದಗದಿಂದ ಡಂಬಳದ ಮೇಲೆ ಡೋಣಿಗೆ ಬನ್ನಿ, ಅಲ್ಲಿಂದ ಗುಡ್ಡ. ಅರಣ್ಯ ಸಿಬ್ಬಂದಿಯನ್ನು ಕೇಳಿ ಯಾವ ದಾರಿ ತೆರೆದಿದೆ ಎಂದು ತಿಳಿದುಕೊಂಡೇ ಹತ್ತಿ. ಚಾರಣಕ್ಕೆ ಅನುಮತಿ ಇಲ್ಲದ ದಾರಿಗಳಿವೆ. ಏಳಕ್ಕೆ ನಡಿಗೆ ಶುರುವಾಗಿ ಹತ್ತೂವರೆಗೆ ಕೆಳಗಿಳಿದಿರಬೇಕು. ಮೇಲೆ ನೆರಳಿಲ್ಲ, ನೀರೂ ಇಲ್ಲ. ಅರ್ಧ ದಿನಕ್ಕೆ ತಲಾ 3 ಲೀಟರ್ ನೀರು ಹೊರಲೇಬೇಕು. ಗುಡ್ಡದ ಗಾಳಿ ಬೆವರನ್ನು ಕೂಡಲೇ ಆರಿಸಿಬಿಡುವುದರಿಂದ ಬಾಯಾರಿಕೆ ತಡವಾಗಿ ತಿಳಿಯುತ್ತದೆ, ತಲೆನೋವು ಬಂದ ಮೇಲೆ ಕುಡಿದರೆ ಹೊತ್ತು ಮೀರಿರುತ್ತದೆ. ಓಆರ್‌ಎಸ್ ಪೊಟ್ಟಣ ಇಲ್ಲದಿದ್ದರೆ 1 ಲೀಟರ್ ಕುಡಿಯುವ ನೀರಿಗೆ ಮಟ್ಟವಾಗಿ 6 ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಉಪ್ಪು ಅಳತೆ ಮೀರಬಾರದು.

ಗಿಡ, ಬೇರು, ತೊಗಟೆ ಏನನ್ನೂ ಕೀಳಬೇಡಿ. ವನ್ಯಜೀವಿಧಾಮದಲ್ಲಿ ಅದು ಅಪರಾಧ. ಜನವರಿಯಿಂದಾಚೆ ಬೆಂಕಿಕಡ್ಡಿ, ಸಿಗರೇಟು, ಸ್ಟೋವ್ ಯಾವುದೂ ಗುಡ್ಡ ಹತ್ತಬಾರದು. ಒಣಗಿದ ಕರಡಕ್ಕೆ ಕಿಡಿ ಬಿದ್ದರೆ ಈ ಗಾಳಿಯಲ್ಲಿ ನಿಮಿಷಗಳಲ್ಲಿ ಇಡೀ ಇಳಿಜಾರು ಹೊತ್ತಿಕೊಳ್ಳುತ್ತದೆ. ಇಳಿದು ಬರುವಾಗ ಡಂಬಳದ ದೊಡ್ಡಬಸಪ್ಪನ ಗುಡಿಯ ನಕ್ಷತ್ರದಾಕಾರದ ಗೋಡೆ, ಪಕ್ಕದ ದೊಡ್ಡ ಕೆರೆ ನೋಡಿಕೊಂಡು ಬನ್ನಿ.

ಮಣ್ಣು, ಮುಳ್ಳು, ಹಾವು

ಈ ಸುತ್ತಿನಲ್ಲಿ ಜನ ಸಿಕ್ಕಿಬೀಳುವುದು ಮೃಗಗಳಿಂದಲ್ಲ, ಎರೆ ಮಣ್ಣಿನಿಂದ. ಒಣಗಿದಾಗ ಸಿಮೆಂಟಿನಂತಿರುವ ಮಣ್ಣು ಒಂದು ಮಳೆಗೆ ಅಂಟಾಗುತ್ತದೆ. ಚಕ್ರಕ್ಕೆ ಮೆತ್ತಿ, ಮಡ್‌ಗಾರ್ಡ್‌ನ ಸಂದು ತುಂಬಿ, ಬೈಕಿನ ಚಕ್ರ ತಿರುಗುವುದೇ ನಿಲ್ಲುತ್ತದೆ. ಹೊಲದ ದಾರಿಗೆ ಇಳಿಯುವ ಮೊದಲು ಗಾಡಿಯಿಂದ ಇಳಿದು ಹತ್ತು ಹೆಜ್ಜೆ ನಡೆಯಿರಿ. ಅಂಗಾಲಿಗೆ ಮಣ್ಣು ಅಂಟಿ ಬಂದರೆ ಗಾಡಿ ಅಲ್ಲೇ ನಿಲ್ಲಲಿ. ಕೆಂಪನೆಯ ಮಸಾರಿ ನೆಲಕ್ಕೆ ಈ ತೊಂದರೆ ಕಡಿಮೆ, ಮಳೆ ನಿಂತ ಕೆಲವೇ ಗಂಟೆಯಲ್ಲಿ ನಡೆಯಬಹುದು. ಎರೆಗೆ ಎರಡು ದಿನದ ಬಿಸಿಲು ಬೇಕು. ಮ್ಯಾಪ್ ಚಕ್ಕಡಿ ದಾರಿಯನ್ನೂ ರಸ್ತೆ ಎಂದೇ ತೋರಿಸುತ್ತದೆ, ಐದು ಕಿಲೋಮೀಟರ್ ಉಳಿಸಲು ಅದನ್ನು ನಂಬಬೇಡಿ.

ಹುಗಿದರೆ ಆಕ್ಸಿಲರೇಟರ್ ಒತ್ತಬೇಡಿ, ಚಕ್ರ ಇನ್ನೂ ಕೆಳಗಿಳಿಯುತ್ತದೆ. ಮುಂದಿನ ಚಕ್ರಗಳ ಮುಂದಿನ ಮಣ್ಣು ಕೆದರಿ, ಗಾಳಿಯನ್ನು 32ರಿಂದ 20 ಪಿಎಸ್‌ಐಗೆ ಇಳಿಸಿ, ಜೋಳದ ಕಣಿಕೆ ಅಥವಾ ಕಾರಿನ ಮ್ಯಾಟ್ ಕೊಟ್ಟು ಎರಡನೆಯ ಗೇರಿನಲ್ಲಿ ಮೆಲ್ಲಗೆ ಎತ್ತಿ. ಕಣಿಕೆ ಬಣವೆಯಿಂದ ಎಳೆದುಕೊಳ್ಳಬೇಡಿ. ಅದು ದನದ ಮೇವು, ಕೇಳಿ, ಹಣ ಕೊಟ್ಟು ತನ್ನಿ. ಡಾಂಬರು ಸೇರಿದ ಕೂಡಲೇ ಗಾಳಿ ತುಂಬಲು ಪಂಪ್ ಜೊತೆಗಿರಲಿ, ಕಡಿಮೆ ಗಾಳಿಯಲ್ಲಿ ವೇಗವಾಗಿ ಓಡಿಸಿದರೆ ಟೈರ್ ಕಾದು ಹಾಳಾಗುತ್ತದೆ.

ಬಳ್ಳಾರಿ ಜಾಲಿಯ ಮುಳ್ಳು ಹವಾಯಿ ಚಪ್ಪಲಿಯನ್ನು ತೂರಿ ಪಾದ ಸೇರುತ್ತದೆ. ದಪ್ಪ ಅಟ್ಟೆಯ ಬೂಟು ಹಾಕಿ. ಟೈರಿಗೂ ಅದೇ ಮುಳ್ಳು. ಜಾಲಿ ಕಡಿದು ಒಣಗಿಸಿದ ಜಾಗದಲ್ಲಿ ಗಾಡಿ ನಿಲ್ಲಿಸಬೇಡಿ, ಟ್ಯೂಬ್‌ಲೆಸ್ ಟೈರಿನ ಪಂಕ್ಚರ್ ಕಿಟ್ ಇಟ್ಟುಕೊಳ್ಳಿ, ಸ್ಟೆಪ್ನಿಯ ಗಾಳಿಯನ್ನು ಊರಲ್ಲೇ ನೋಡಿಕೊಂಡು ಬನ್ನಿ.

ಕೊಳಕುಮಂಡಲ, ಗರಗಸಮಂಡಲ ಎರಡೂ ಈ ನೆಲದ ಹಾವುಗಳು. ಕಲ್ಲಿನ ಸಂದಿಗೆ ಕೈ ಹಾಕಬೇಡಿ, ಕತ್ತಲಲ್ಲಿ ಟಾರ್ಚ್ ಇಲ್ಲದೆ ನಡೆಯಬೇಡಿ. ಕಚ್ಚಿದರೆ ಕೊಯ್ಯುವುದು, ಬಿಗಿದು ಕಟ್ಟುವುದು, ನಾಟಿ ಮದ್ದು ಯಾವುದೂ ಬೇಡ. ಉಂಗುರ, ಗಡಿಯಾರ ಬಿಚ್ಚಿ, ಕಚ್ಚಿದ ಅಂಗವನ್ನು ಅಲುಗಿಸದೆ 108ಕ್ಕೆ ಕರೆ ಮಾಡಿ, ಅಥವಾ ನಿಮ್ಮದೇ ಗಾಡಿಯಲ್ಲಿ ಜಿಲ್ಲಾ ಆಸ್ಪತ್ರೆಗೆ ಹೊರಡಿ.

ಇನ್ನೊಂದು ದಿನ ಉಳಿದಿದ್ದರೆ

ಹೆದ್ದಾರಿಯಿಂದ ಸ್ವಲ್ಪವೇ ಒಳಗಿರುವ ಹಾವೇರಿಯ ಬಂಕಾಪುರ ಕೋಟೆ ನವಿಲುಧಾಮ, ಒಳಗೆ ನಗರೇಶ್ವರನ ಅರವತ್ತು ಕಂಬದ ಗುಡಿ. ಬೆಳಗ್ಗೆ ಏಳರೊಳಗೆ ಹೋಗಿ. ಡಿಸೆಂಬರ್‌ನಲ್ಲಿ ಗಂಡು ನವಿಲಿನ ಗರಿಗಳು ಉದುರಿ ಮತ್ತೆ ಬೆಳೆಯುತ್ತಿರುತ್ತವೆ, ಕುಣಿತ ಬೇಕಾದವರು ಜೂನ್–ಜುಲೈಗೆ ಬರಬೇಕು.

ಪೂರ್ವಕ್ಕೆ ಹೋಗುವವರಿಗೆ ಹಗರಿಬೊಮ್ಮನಹಳ್ಳಿ ತಾಲೂಕಿನ ಅಂಕಸಮುದ್ರ: ನೀರಿನಲ್ಲೇ ನಿಂತ ಜಾಲಿ ಮರಗಳ ಮೇಲೆ ಬಣ್ಣದ ಕೊಕ್ಕರೆಗಳ ಗೂಡು. ಇದೂ 2024ರ ರಾಮ್ಸಾರ್ ತಾಣ. ಅಲ್ಲಿಂದ ಹೊಸಪೇಟೆ, ಮುಂದೆ 1994ರ ದರೋಜಿ ಕರಡಿಧಾಮ, ಹಂಪಿಯಿಂದ ಸುಮಾರು 15 ಕಿ.ಮೀ. ಹಂಪಿಗೆ ಬಂದ ಜನಸಾಗರದಲ್ಲಿ ಇಲ್ಲಿಗೆ ತಿರುಗುವವರು ತೀರ ಕಡಿಮೆ. ದರೋಜಿಗೆ ಮಧ್ಯಾಹ್ನವೇ ಹೋಗಬೇಕು. ಸಿಬ್ಬಂದಿ ಬಂಡೆಗಳಿಗೆ ಬೆಲ್ಲದ ಪಾಕ ಸವರುತ್ತಾರೆ, ಬಿಸಿಲು ಇಳಿದಂತೆ ಕರಡಿಗಳು ಗುಹೆಯಿಂದ ಇಳಿದು ಬರುತ್ತವೆ. ವೀಕ್ಷಣಾ ಗೋಪುರದಿಂದ ಬಂಡೆ ದೂರ, ದುರ್ಬೀನಿಲ್ಲದಿದ್ದರೆ ಕಾಣುವುದು ಕಪ್ಪು ಚುಕ್ಕೆ ಮಾತ್ರ.

ಬೆಂಗಳೂರಿನವರಿಗೆ ಒಂದೇ ದಿನ ಬಿಡುವಿದ್ದರೆ ಮಧುಗಿರಿ ತಾಲೂಕಿನ ಮೈದೇನಹಳ್ಳಿ. ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶ ಬರೀ 798 ಎಕರೆ, ಆಂಧ್ರದ ಗಡಿಗೆ ತಾಗಿದೆ. ಹತ್ತಿರದ ರೈಲು ನಿಲ್ದಾಣ ಹಿಂದೂಪುರ, ಸುಮಾರು 20 ಕಿ.ಮೀ. ಗೌರಿಬಿದನೂರಿನ ಮೇಲೆ ಹೋಗುವುದಾದರೆ ನಾಲ್ಕು ಗಂಟೆಗೆ ಬೆಂಗಳೂರು ಬಿಡಿ, ನೀರು ತಿಂಡಿ ಜೊತೆಗೇ ಇರಲಿ. ಬಯಲಿನ ಹತ್ತಿರ ಅಂಗಡಿಗಳನ್ನು ನೆಚ್ಚಿಕೊಳ್ಳಬೇಡಿ.